ಹಬ್ಬದ ಕೇಕಿಗೆ ನಮ್ಮೂರಿನ ವಿಳಾಸ

ಕುಣಿಗಲ್ ಎಂದೊಡನೆ ನಾಡಿನ ಜನರಿಗೆ ನೆನಪಾಗುವುವು ಎರಡು ಸಂಗತಿಗಳು. ಒಂದು, ಜನಪದರು ಮನದಣಿಯೆ ಹಾಡಿ ಹೊಗಳಿದ ದೊಡ್ಡಕೆರೆ. ಮತ್ತೊಂದು, ಟಿಪ್ಪು ಸುಲ್ತಾನನ ಕಾಲದಿಂದಲೂ ಹೆಸರಾದ ಕುದುರೆ ಫಾರಂ. ಆದರೆ ಇಂದಿನ ಕುಣಿಗಲ್ ಈ ಎರಡರ ಹಿರಿಮೆಯಲ್ಲಿಯೇ ಕಾಲ ಕಳೆಯುವ ಊರಲ್ಲ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಹಾಸನ ಮಾರ್ಗವಾಗಿ ಮಂಗಳೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿರುವ ಈ ಪಟ್ಟಣಕ್ಕೆ 2017ರಲ್ಲಿ ರೈಲೂ ಬಂದಿತು. 2011ರ ಜನಗಣತಿಯಲ್ಲಿಯೇ 34 ಸಾವಿರವನ್ನು ದಾಟಿದ್ದ ಜನಸಂಖ್ಯೆ ಆಮೇಲೆ ಬೆಳೆಯುತ್ತಲೇ ಇದೆ. ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರು, ರಾಜಧಾನಿಗೆ ದಿನವೂ ಹೋಗಿ ಬರುವ ನೌಕರರು, ಸುತ್ತಲಿನ ಹಳ್ಳಿಗಳಿಂದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಪೇಟೆಯಲ್ಲಿ ಮನೆ ಮಾಡಿದವರು, ಹೀಗೆ ಊರು ಹಿಗ್ಗುತ್ತಿದೆ.

ಬೆಳೆಯುವ ಊರಿನ ಕುರುಹುಗಳನ್ನು ಎಣಿಸುವಾಗ ನಾವು ಹೊಸ ಬಡಾವಣೆಗಳನ್ನೂ ಬ್ಯಾಂಕುಗಳನ್ನೂ ಕಲ್ಯಾಣ ಮಂಟಪಗಳನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಗಾಜಿನ ಕಪಾಟಿನೊಳಗೆ ತಣ್ಣಗೆ ಕುಳಿತಿರುವ ಕೇಕನ್ನು ಮಾತ್ರ ಯಾರೂ ಎಣಿಸುವುದಿಲ್ಲ. ನಮ್ಮ ಕಥೋಲಿಕ ಕುಟುಂಬಗಳ ಮಟ್ಟಿಗೆ ಇದು ಅಲ್ಪ ಬದಲಾವಣೆಯೇನೂ ಅಲ್ಲ. ಮಗುವಿನ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆ, ಮದುವೆಯ ಬೆಳ್ಳಿಹಬ್ಬ, ಎಲ್ಲಕ್ಕೂ ಮಿಗಿಲಾಗಿ ಕ್ರಿಸ್ತಜಯಂತಿ, ಇವುಗಳಲ್ಲಿ ಕೇಕು ಇಲ್ಲದ ಸಂಭ್ರಮ ಯಾವುದಿದೆ? ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದ್ದರಿಂದ ಹಬ್ಬದ ಸಾಮಗ್ರಿಗೂ ನಮ್ಮವರ ದಾರಿ ಸಹಜವಾಗಿಯೇ ಬೆಂಗಳೂರಿನ ಕಡೆಗಿತ್ತು. ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯಕ್ಕೆ ಹರಕೆ ತೀರಿಸಲು ಹೋದವರು ಹತ್ತಿರದ ರಸೆಲ್ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ, ಗೋಡಂಬಿ, ಖರ್ಜೂರಗಳನ್ನು ಕಟ್ಟಿಸಿಕೊಂಡು ಬರುವುದುಂಟು. ಡಿಸೆಂಬರಿನಲ್ಲಿ ಕೇಕಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದಂತೆ ಎರಡೂ ಕೈಗಳಿಂದ ಹಿಡಿದು ಬಸ್ಸಿನಲ್ಲಿ ಬರುವ ಪ್ರಯಾಸವನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ.

ಆ ಪ್ರಯಾಸ ಇಂದು ಅನಿವಾರ್ಯವಲ್ಲ. ಕೇಕೂ ಅದರ ಸಾಮಗ್ರಿಯೂ ಊರಿನಲ್ಲಿಯೇ, ಹೆಚ್ಚೆಂದರೆ ಜಿಲ್ಲಾ ಕೇಂದ್ರವಾದ ತುಮಕೂರಿನಲ್ಲಿ ದೊರೆಯುತ್ತವೆ. ಆದರೆ ಅಂಗಡಿಯ ವಿಳಾಸ ತಿಳಿದ ಮಾತ್ರಕ್ಕೆ ಹುಡುಕಾಟ ಮುಗಿಯಿತೆಂದು ಭಾವಿಸಬಾರದು. ಕೇಕನ್ನು ಬೇಯಿಸಿದ ಕೈ ಯಾರದು, ಅದರಲ್ಲಿ ಬಿದ್ದಿರುವುದು ಏನು, ನಾವು ಕೊಟ್ಟ ಹಣ ಯಾರ ಮನೆಯ ಒಲೆಯನ್ನು ಉರಿಸುತ್ತದೆ, ಈ ಮೂರನ್ನೂ ಅರಿತಾಗಲೇ ಹುಡುಕಾಟ ಸಾರ್ಥಕವಾದೀತು.

ಕೇಕು ನಮ್ಮಲ್ಲಿಗೆ ಬಂದ ಹಾದಿ

ಕೇಕು ಇಲ್ಲಿನ ಮೂಲ ತಿನಿಸಲ್ಲ. ಹಳೆಯ ಮೈಸೂರು ಸೀಮೆಯ ಕನ್ನಡ ಕ್ರೈಸ್ತರ ಮನೆಗಳಲ್ಲಿ ಹಬ್ಬವೆಂದರೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ರವೆ ಉಂಡೆ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಈ ತಿಂಡಿಗಳ ಸಮೂಹಕ್ಕೆ ಕುಸ್ವಾರ್ ಎಂಬ ಹೆಸರೇ ಇದೆ. ಕೇಕು ಈ ತಟ್ಟೆಗೆ ತಡವಾಗಿ ಬಂದ ಅತಿಥಿ. ಬಂದ ಮೇಲೆ ಮಾತ್ರ ನಡುಮಧ್ಯದಲ್ಲಿಯೇ ಕುಳಿತುಬಿಟ್ಟಿತು.

ಭಾರತದಲ್ಲಿ ಕ್ರಿಸ್‌ಮಸ್ ಕೇಕಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕೇರಳದ ತಲಶ್ಶೇರಿಯಿಂದ ಆರಂಭಿಸುತ್ತಾರೆ. ಮಾಂಬಳ್ಳಿ ಬಾಪು ಎಂಬುವರು 1880ರಲ್ಲಿ ಅಲ್ಲಿ ಬಿಸ್ಕತ್ತಿನ ಕಾರ್ಖಾನೆಯೊಂದನ್ನು ತೆರೆದರು. 1883ರಲ್ಲಿ ಬ್ರೌನ್ ಎಂಬ ಆಂಗ್ಲ ತೋಟದ ಮಾಲೀಕರು ಇಂಗ್ಲೆಂಡಿನ ಕೇಕಿನ ಚೂರೊಂದನ್ನು ಕೊಟ್ಟು, ಇದರಂತೆಯೇ ಮಾಡಿಕೊಡಬೇಕೆಂದು ಕೇಳಿದರೆಂದೂ, ಬಾಪು ಅವರು ಆ ನಾಡಿನ ಹಣ್ಣಿನಿಂದಲೇ ತೆಗೆದ ಮದ್ಯವನ್ನು ಬಳಸಿ ಅದಕ್ಕೆ ಸರಿಸಾಟಿಯಾದ ಕೇಕನ್ನು ಬೇಯಿಸಿದರೆಂದೂ ಪ್ರಚಲಿತ ವೃತ್ತಾಂತ. ಪರದೇಶದ ಕೇಕು ನಮ್ಮ ನೆಲದ ಪದಾರ್ಥವನ್ನು ಒಳಗೊಂಡು ನಮ್ಮದಾಯಿತು ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಕರ್ನಾಟಕದ ಕಥೆ ಇನ್ನೂ ಸ್ವಾರಸ್ಯಕರ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಎಂಬುವರು ಆರಂಭಿಸಿದರೆಂದು ಹೇಳಲಾಗುವ ‘ಬೆಂಗಳೂರು ಬ್ರೌನ್ ಬ್ರೆಡ್’ ಬೇಕರಿ, ಮುಂದೆ ಅಯ್ಯಂಗಾರ್ ಬೇಕರಿ ಎಂಬ ಒಂದು ಪರಂಪರೆಗೇ ನಾಂದಿಯಾಯಿತು. ಬ್ರೆಡ್ಡು ಬೇಯಿಸುವ ವಿದ್ಯೆಯನ್ನು ಅವರು ಕಲಿತದ್ದು ತಮ್ಮ ಅಂಗಡಿಗೆ ಬರುತ್ತಿದ್ದ ಆಂಗ್ಲ ಗಿರಾಕಿಯೊಬ್ಬರಿಂದ ಎಂಬ ಪ್ರತೀತಿ ಇದೆ. ಹಾಸನ ಜಿಲ್ಲೆಯ ಊರುಗಳಿಂದ ಹೊರಟ ಬೇಕರಿ ಕಸುಬಿನವರು ಆಮೇಲೆ ನಾಡಿನ ಮೂಲೆ ಮೂಲೆಗಳಲ್ಲಿ ಅಂಗಡಿ ತೆರೆದರು. ಇಂದು ಫಲಕದ ಮೇಲೆ ಅಯ್ಯಂಗಾರ್ ಎಂದು ಬರೆದಿದ್ದರೂ ನಡೆಸುವವರೆಲ್ಲರೂ ಆ ಸಮುದಾಯದವರೇ ಆಗಿರುವುದಿಲ್ಲ. ಅದೀಗ ಒಂದು ರುಚಿಯ ಹೆಸರು. ಬೆಂಗಳೂರಿಗೂ ಹಾಸನಕ್ಕೂ ನಡುವಿನ ದಾರಿಯಲ್ಲಿಯೇ ನಮ್ಮ ಕುಣಿಗಲ್ ಇದೆ. ಆ ರುಚಿ ಇಲ್ಲಿಗೆ ಬರಲು ಬಹಳ ದೂರ ನಡೆಯಬೇಕಾಗಿರಲಿಲ್ಲ.

ಮೂರು ಬಗೆಯ ಅಡ್ಡೆಗಳು

ಕುಣಿಗಲ್ಲಿನಂತಹ ಪಟ್ಟಣದಲ್ಲಿ ಕೇಕು ಸಿಗುವ ಸ್ಥಳಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹಳೆಯ ಮಾದರಿಯ ಬೇಕರಿ. ಬಸ್ ನಿಲ್ದಾಣ, ಹುಚ್ಚಮಾಸ್ತಿಗೌಡ ವೃತ್ತ ಮುಂತಾದ ಜನಸಂದಣಿಯ ತಾಣಗಳ ಆಸುಪಾಸಿನಲ್ಲಿ ಖಾರದ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್‌ಗಳನ್ನು ಮಾರುವ ಅಂಗಡಿಗಳಿವು. ಇಲ್ಲಿನ ಹನಿ ಕೇಕನ್ನು ತಿನ್ನದೆ ಬೆಳೆದ ಮಗು ನಮ್ಮಲ್ಲಿ ಅಪರೂಪ: ಸಕ್ಕರೆ ಪಾಕದಲ್ಲಿ ನೆನೆದ ಮೆತ್ತನೆಯ ಕೇಕು, ಮೇಲೆ ತೆಳುವಾಗಿ ಜಾಮು, ಅದರ ಮೇಲೆ ಉದುರಿಸಿದ ಕೊಬ್ಬರಿ ಪುಡಿ. ಇವರು ದಿನವೂ ಬೇಯಿಸುವುದರಿಂದ ಪದಾರ್ಥ ಹಳಸುವ ಭಯ ಕಡಿಮೆ. ಅಲಂಕಾರದಲ್ಲಿ ಇವರು ಹಿಂದಿರಬಹುದು. ಆದರೆ ಧರ್ಮಕೇಂದ್ರದ ಕಾರ್ಯಕ್ರಮಕ್ಕೆ ಇನ್ನೂರು ತುಂಡು ಹಣ್ಣಿನ ಕೇಕು ಬೇಕೆಂದಾಗ ದೊಡ್ಡ ತಟ್ಟೆಗಳಲ್ಲಿ ಬೇಯಿಸಿ, ಸಮನಾಗಿ ಕೊಯ್ದು, ಹೊತ್ತಿಗೆ ಸರಿಯಾಗಿ ಒದಗಿಸಬಲ್ಲವರು ಇವರೇ.

ಎರಡನೆಯದು ಈಚಿನ ವರ್ಷಗಳ ಕೂಲ್ ಕೇಕಿನ ಅಂಗಡಿ. ಹಿಂದೆ ಹುಟ್ಟುಹಬ್ಬದ ಕೇಕಿನ ಮೇಲೆ ವನಸ್ಪತಿ ಮತ್ತು ಪುಡಿ ಸಕ್ಕರೆಯನ್ನು ಕಡೆದು ಮಾಡಿದ ಗಟ್ಟಿ ಐಸಿಂಗ್ ಇರುತ್ತಿತ್ತು. ಅದು ಬಿಸಿಲಿಗೂ ಬಸ್ಸಿನ ಕುಲುಕಾಟಕ್ಕೂ ಜಗ್ಗುತ್ತಿರಲಿಲ್ಲ. ಈಗಿನ ಕೇಕಿನ ಮೇಲಿರುವುದು ನೊರೆಯಂತೆ ಕಡೆದ ಕ್ರೀಮು. ಅದಕ್ಕೆ ಶೀತಲ ಕಪಾಟು ಬೇಕೇ ಬೇಕು. ಹೊರಗೆ ತೆಗೆದು ಹೆಚ್ಚು ಹೊತ್ತಾದರೆ ಅದು ಕುಸಿಯುತ್ತದೆ, ಕೆಡಲೂ ಬಹುದು. ಕೂಲ್ ಕೇಕನ್ನು ಬೆಂಗಳೂರಿನಿಂದ ತರುವುದಕ್ಕಿಂತ ಊರಿನಲ್ಲಿಯೇ ಕೊಳ್ಳುವುದು ಲೇಸೆಂಬುದಕ್ಕೆ ಮೊದಲ ಕಾರಣ ಇದೇ. ಆದರೆ ವಿದ್ಯುತ್ ಕೈಕೊಟ್ಟ ಹೊತ್ತಿನಲ್ಲಿ ಕಪಾಟನ್ನು ತಂಪಾಗಿಡುವ ವ್ಯವಸ್ಥೆ ಅಂಗಡಿಯಲ್ಲಿ ಇದೆಯೇ ಎಂಬುದನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು.

ಮೂರನೆಯದು ಫಲಕವಿಲ್ಲದ ಅಂಗಡಿ, ಅಂದರೆ ಮನೆ. ಕೋವಿಡ್ ಮಹಾಮಾರಿಯ 2020ರ ದಿಗ್ಬಂಧನದ ದಿನಗಳಲ್ಲಿ ದೇಶದಾದ್ಯಂತ ಅಸಂಖ್ಯ ಗೃಹಿಣಿಯರು ಕೇಕು ಬೇಯಿಸಲು ಕಲಿತರು. ಕೆಲವರಿಗೆ ಅದು ಕಾಲಹರಣವಾಯಿತು, ಕೆಲವರಿಗೆ ಅನ್ನದ ದಾರಿಯಾಯಿತು. ಮನೆಯ ಬೇಕರಿಯ ಗುಣವೆಂದರೆ ಹೇಳಿದ ಮೇಲೆಯೇ ಬೇಯಿಸುವುದು. ಸಿಹಿ ಕಡಿಮೆ ಇರಲಿ, ಬೆಲ್ಲ ಹಾಕಿ, ಮೊಟ್ಟೆ ಬೇಡ ಎಂಬ ಮಾತುಗಳಿಗೆ ಇಲ್ಲಿ ಬೆಲೆ ಉಂಟು. ಇಂತಹವರನ್ನು ಹುಡುಕಲು ಜಾಹೀರಾತು ಬೇಕಿಲ್ಲ. ಭಾನುವಾರದ ಬಲಿಪೂಜೆ ಮುಗಿದು ಜನ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಹತ್ತು ನಿಮಿಷಗಳು ಸಾಕು. ಹಿಂದಿನ ತಿಂಗಳು ಯಾರ ಮನೆಯಲ್ಲಿ ಜ್ಞಾನಸ್ನಾನ ನಡೆಯಿತು, ಅಲ್ಲಿನ ಕೇಕು ಎಲ್ಲಿಯದು ಎಂದು ಕೇಳಿದರೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ದೊಡ್ಡ ಸಮಾರಂಭಕ್ಕೆ ಹೇಳುವ ಮುನ್ನ ಅರ್ಧ ಕೆ.ಜಿ. ತರಿಸಿ ರುಚಿ ನೋಡುವುದು ಜಾಣತನ.

ಸಾಮಗ್ರಿಯ ಶೋಧ

ಸ್ವತಃ ಬೇಯಿಸಬೇಕೆನ್ನುವವರಿಗೆ ಎದುರಾಗುವ ಮೊದಲ ಪ್ರಶ್ನೆ, ಸಾಮಾನು ಎಲ್ಲಿ ಸಿಗುತ್ತದೆ ಎಂಬುದು. ಮುಕ್ಕಾಲು ಪಾಲು ಸಾಮಗ್ರಿ ನಾವು ದಿನವೂ ಹೋಗುವ ಅಂಗಡಿಗಳಲ್ಲಿಯೇ ಇದೆ. ಮೈದಾ, ಸಕ್ಕರೆ, ಅಡುಗೆ ಸೋಡ, ಒಣದ್ರಾಕ್ಷಿಗಳಿಗೆ ದಿನಸಿ ಅಂಗಡಿ ಸಾಕು. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಗಳು ಗ್ರಂಥಿಗೆ ಅಂಗಡಿಯಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ದೊರೆಯುತ್ತವೆ. ಪುಡಿಯ ಪೊಟ್ಟಣಕ್ಕಿಂತ ಇಡಿಯಾಗಿ ತಂದು ಮನೆಯಲ್ಲಿ ಕುಟ್ಟಿಕೊಂಡರೆ ಪರಿಮಳ ಇಮ್ಮಡಿ. ಬೆಣ್ಣೆಗೆ ನಂದಿನಿ ಹಾಲಿನ ಮಳಿಗೆ ಇದ್ದೇ ಇದೆ. ಕೇಕಿಗೆ ಉಪ್ಪು ಹಾಕದ ಬೆಣ್ಣೆಯನ್ನೇ ಕೇಳಿ ಪಡೆಯಬೇಕು.

ಉಳಿದ ಕಾಲು ಪಾಲಿಗೆ ಸ್ವಲ್ಪ ಓಡಾಟ ಬೇಕಾದೀತು. ತೂಕದ ಕ್ರೀಮು, ಕೇಕು ಇಡುವ ರಟ್ಟಿನ ಹಲಗೆ, ಡಬ್ಬ, ಬಟರ್ ಪೇಪರ್, ಬಗೆಬಗೆಯ ಅಚ್ಚು, ಕ್ರೀಮು ಹಿಂಡುವ ನಳಿಕೆ, ಕೋಕೋ ಪುಡಿ, ಚಾಕೊಲೇಟಿನ ಗಟ್ಟಿ ಇವು ಎಲ್ಲ ದಿನಸಿ ಅಂಗಡಿಗಳಲ್ಲಿಯೂ ಇರುವುದಿಲ್ಲ. ಊರಿನ ಬೇಕರಿಯವರನ್ನು ವಿಶ್ವಾಸದಿಂದ ಕೇಳಿದರೆ ತಮ್ಮ ಸರಬರಾಜುದಾರರ ಬಳಿ ನಮಗೂ ಒಂದಿಷ್ಟು ತರಿಸಿಕೊಟ್ಟಾರು. ಅದಾಗದಿದ್ದರೆ ತುಮಕೂರಿನ ಮಂಡಿಪೇಟೆಯಂತಹ ಸಗಟು ಪೇಟೆಯಲ್ಲಿ ವಿಚಾರಿಸಬಹುದು. ನಾಲ್ಕು ಮನೆಯವರು ಒಟ್ಟಾಗಿ ಪಟ್ಟಿ ಮಾಡಿ ಒಬ್ಬರನ್ನು ಕಳುಹಿಸಿದರೆ ಸಗಟು ದರವೂ ಸಿಗುತ್ತದೆ, ನಾಲ್ವರ ಬಸ್ ಖರ್ಚೂ ಉಳಿಯುತ್ತದೆ. ಚಾಕೊಲೇಟ್ ಕೊಳ್ಳುವಾಗ ಹೊದಿಕೆಯ ಮೇಲೆ ‘ಕಾಂಪೌಂಡ್’ ಎಂದಿದೆಯೇ ನೋಡಬೇಕು. ಹಾಗಿದ್ದರೆ ಅದರಲ್ಲಿರುವುದು ಕೋಕೋ ಬೆಣ್ಣೆಯಲ್ಲ, ಬೇರೆ ವನಸ್ಪತಿ ಕೊಬ್ಬು. ಬಳಸಬಾರದೆಂದಲ್ಲ, ಅಸಲಿ ಚಾಕೊಲೇಟಿನ ಬೆಲೆಯನ್ನು ಅದಕ್ಕೆ ಕೊಡಬಾರದು.

ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಎಷ್ಟು ಕಡೆದರೂ ಕೇಕು ಏಳುವುದಿಲ್ಲ. ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿದಾಗ ಬುಸ್ಸೆಂದು ನೊರೆ ಬಂದರೆ ಅದರಲ್ಲಿ ಶಕ್ತಿ ಉಳಿದಿದೆ ಎಂದರ್ಥ. ಒಲೆಯ ವಿಷಯಕ್ಕೂ ಹೆದರಬೇಕಾಗಿಲ್ಲ. ನಮ್ಮ ಹಿರಿಯರು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಕೇಕು ಬೇಯಿಸಿದವರು. ಕುಕ್ಕರಿನ ತಳದಲ್ಲಿ ಮರಳು ಅಥವಾ ಕಲ್ಲುಪ್ಪು ಹರಡಿ, ಮುಚ್ಚಳದ ರಬ್ಬರನ್ನೂ ತೂಕವನ್ನೂ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸುವ ಕ್ರಮ ಇಂದಿಗೂ ನಡೆಯುತ್ತದೆ. ವಿದ್ಯುತ್ ಒಲೆ ಇರುವವರು ಮೆತ್ತನೆಯ ಸಾದಾ ಕೇಕಿಗೆ 180 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ, ಹಣ್ಣುಗಳಿಂದ ಭಾರವಾದ ಪ್ಲಮ್ ಕೇಕಿಗೆ 150ರಿಂದ 160 ಡಿಗ್ರಿಯ ಮಂದ ಶಾಖವನ್ನೂ ಇಡುವುದು ವಾಡಿಕೆ. ಪ್ಲಮ್ ಕೇಕಿಗೆ ಅವಸರ ಸಲ್ಲದು, ಒಂದು ಕೆ.ಜಿ. ತೂಕದ್ದು ಒಳಗೂ ಬೇಯಲು ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಅಳತೆ ಮರೆಯುವವರಿಗೆ ಹಳೆಯ ಸಮತೂಕದ ಸೂತ್ರವೊಂದಿದೆ: ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕೂ ತೂಕದಲ್ಲಿ ಸಮ.

ಕೇಕಿನಲ್ಲಿ ಅಡಗಿರುವ ನಮ್ಮ ನೆಲದ ಪಾಲನ್ನೂ ಇಲ್ಲಿ ನೆನೆಯಬೇಕು. ಬಣ್ಣಬಣ್ಣದ ಟೂಟಿ ಫ್ರೂಟಿ ಎಂದರೆ ಸಕ್ಕರೆ ಪಾಕ ಕುಡಿದ ಪರಂಗಿಕಾಯಿ. ಕೇಕಿನ ನೆತ್ತಿಯ ಕೆಂಪು ಚೆರ್ರಿ ಎಷ್ಟೋ ಸಲ ಚೆರ್ರಿಯೇ ಅಲ್ಲ. ಬೀಜ ತೆಗೆದು ಪಾಕದಲ್ಲಿ ನೆನೆಸಿ ಬಣ್ಣ ಕಟ್ಟಿದ ಕವಳೆಕಾಯಿ. ಹನಿ ಕೇಕಿನ ಮೇಲಿನ ಕೊಬ್ಬರಿಗೆ ತಿಪಟೂರು, ಗುಬ್ಬಿ ಸೀಮೆಗಿಂತ ಬೇರೆ ತವರು ಬೇಕೇ? ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಬೆಳಕಿಗೆ ಬಂದ ಕೆಂಪು ತೊಳೆಯ ಸಿದ್ದು ಹಲಸು ಈಗ ನಾಡಿಗೆಲ್ಲ ಪರಿಚಿತ. ಆ ತೊಳೆಯನ್ನು ಒಣಗಿಸಿಟ್ಟುಕೊಂಡರೆ ಡಿಸೆಂಬರಿನ ಕೇಕಿಗೆ ಅದಕ್ಕಿಂತ ಒಳ್ಳೆಯ ಒಣಹಣ್ಣು ಯಾವುದು? ಮೈದಾದ ಅರ್ಧ ಭಾಗಕ್ಕೆ ಜರಡಿ ಹಿಡಿದ ರಾಗಿ ಹಿಟ್ಟು, ಸಕ್ಕರೆಯ ಬದಲು ಬೆಲ್ಲ ಬಳಸಿದ ಕೇಕನ್ನು ಮನೆಯ ಹಿರಿಯರೂ ಮೆಚ್ಚಿ ತಿನ್ನುತ್ತಾರೆ. ರಾಗಿಗೆ ಮೈದಾದ ಅಂಟುಗುಣವಿಲ್ಲ. ಆದುದರಿಂದ ಪೂರ್ತಿ ರಾಗಿಯೇ ಆದರೆ ಕೇಕು ಪುಡಿಪುಡಿಯಾಗುತ್ತದೆ ಎಂಬುದಷ್ಟೇ ಎಚ್ಚರಿಕೆ.

ಕಣ್ಣಿಗೆ ಚೆಂದ, ಒಡಲಿಗೆ?

ಇನ್ನು ಗಂಭೀರ ವಿಷಯಕ್ಕೆ ಬರೋಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ರೋಡಮೈನ್–ಬಿ ಮುಂತಾದ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿದುದು ಎಲ್ಲರಿಗೂ ನೆನಪಿರಬಹುದು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳಿಂದ ಕೇಕಿನ 235 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷೆಗೆ ಒಳಪಡಿಸಿತು. 223 ಮಾದರಿಗಳು ಸುರಕ್ಷಿತವೆಂದು ತಿಳಿದುಬಂದಿತು. 12ರಲ್ಲಿ ಕ್ಯಾನ್ಸರಿಗೆ ಎಡೆಮಾಡಬಲ್ಲ ಕೃತಕ ಬಣ್ಣಗಳು ಕಂಡುಬಂದವೆಂದು ಇಲಾಖೆ ಎಚ್ಚರಿಸಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂತಹ ಕಡುಬಣ್ಣದ ಕೇಕುಗಳ ಬಗ್ಗೆ ವಿಶೇಷವಾಗಿ ಜಾಗ್ರತೆ ವಹಿಸುವಂತೆ ಸೂಚಿಸಲಾಯಿತು. ಅಲ್ಲೂರಾ ರೆಡ್, ಸನ್‌ಸೆಟ್ ಯೆಲ್ಲೊ, ಟಾರ್ಟ್ರಜಿನ್, ಕಾರ್ಮೋಸಿನ್ ಎಂಬುವು ಅಲ್ಲಿ ಕೇಳಿಬಂದ ಬಣ್ಣಗಳ ಹೆಸರುಗಳಲ್ಲಿ ಕೆಲವು.

ಈ ಸುದ್ದಿಯನ್ನು ಓದಿ ಎಲ್ಲ ಬೇಕರಿಗಳನ್ನೂ ಅನುಮಾನದಿಂದ ನೋಡುವುದು ಅನ್ಯಾಯ. ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಮಾದರಿಗಳು ನಿರ್ದೋಷಿಯಾಗಿದ್ದವು. ಆದರೂ ಕೇಕನ್ನು ಮೊದಲು ಬಾಯಿಗಿಡುವುದು ನಮ್ಮ ಮಕ್ಕಳು ಎಂಬುದನ್ನು ಮರೆಯುವಂತಿಲ್ಲ. ಕಡುನೀಲಿ, ಕಡುಹಸಿರು, ಕಡುಕೆಂಪುಗಳ ಕೇಕು ಬೇಕೇ ಬೇಕೆಂದು ಹಟ ಹಿಡಿಯುವವರೂ ನಾವೇ ಅಲ್ಲವೇ? ಬೇಡಿಕೆ ಇರುವವರೆಗೆ ಬಣ್ಣದ ಡಬ್ಬ ಬೇಕರಿಯ ಅಟ್ಟದಿಂದ ಇಳಿಯದು. ಪ್ಲಮ್ ಕೇಕಿನ ಸಹಜವಾದ ಕಂದು ಬಣ್ಣ ಬರುವುದು ಕೆಂಪಗೆ ಕರಗಿಸಿದ ಸಕ್ಕರೆಯಿಂದ. ಅದಕ್ಕೆ ಬಣ್ಣದ ಹಂಗಿಲ್ಲ. ನಸುಗೆಂಪಿಗೆ ಬೀಟ್‌ರೂಟ್ ಇದೆ, ಹಳದಿಗೆ ಚಿಟಿಕೆ ಕೇಸರಿ ಇದೆ. ತಿಳಿಬಣ್ಣದ ಕೇಕನ್ನೇ ನಾವು ಕೇಳಿ ಪಡೆದರೆ ಬೇಕರಿಯವರಿಗೂ ಅದು ಹಿತವೇ.

ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳುವ ಅಭ್ಯಾಸ ನಮಗಿರಬೇಕು. ಕೇಕು ಇಲ್ಲಿಯೇ ಬೆಂದದ್ದೇ, ಹೊರಗಿನಿಂದ ಬಂದದ್ದೇ? ಯಾವ ದಿನ ಬೆಂದದ್ದು? ಬಳಸಿರುವುದು ಬೆಣ್ಣೆಯೋ, ಮಾರ್ಗರಿನ್ನೋ? ಅಂಗಡಿಗೆ ಆಹಾರ ಸುರಕ್ಷತೆಯ ನೋಂದಣಿ ಇದೆಯೇ? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಚಿಕ್ಕ ಅಂಗಡಿಗೂ, ಮನೆಯಲ್ಲಿಯೇ ತಯಾರಿಸಿ ಮಾರುವವರಿಗೂ ನೋಂದಣಿ ಅಗತ್ಯ. ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮವೂ 2022ರಿಂದ ಜಾರಿಯಲ್ಲಿದೆ. ಪ್ರಾಮಾಣಿಕ ಬೇಕರಿಯವರು ಇಂತಹ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ತಮ್ಮ ಕಸುಬನ್ನು ಅರಿತ ಗಿರಾಕಿ ಬಂದರೆಂದು ಹಿಗ್ಗುತ್ತಾರೆ.

ಪಕ್ಕದ ಮನೆಯ ತಟ್ಟೆ

ನಮ್ಮ ಊರಿನಲ್ಲಿ ಕ್ರಿಸ್‌ಮಸ್ ಕೇಕನ್ನು ಕ್ರೈಸ್ತರು ಮಾತ್ರ ತಿನ್ನುವುದಿಲ್ಲ. ಯುಗಾದಿಗೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳುಬೆಲ್ಲ, ರಂಜಾನಿಗೆ ಸುರಕುಂಬಾ ಕಳುಹಿಸುವ ನೆರೆಹೊರೆಯವರಿಗೆ ಡಿಸೆಂಬರ್ 25ರಂದು ನಾವು ತಟ್ಟೆ ಹಿಂದಿರುಗಿಸುವ ದಿನ ಅದು. ಆ ತಟ್ಟೆಯಲ್ಲಿ ಏನಿದೆ ಎಂಬುದು ಸೌಜನ್ಯದ ಪ್ರಶ್ನೆ. ಮೊಟ್ಟೆ ಮುಟ್ಟದ ಮನೆಗಳು ನಮ್ಮ ಜಿಲ್ಲೆಯಲ್ಲಿ ಹಲವು. ಮದ್ಯ ಸೋಂಕಿದ್ದನ್ನು ಬಾಯಿಗೆ ಇಡದವರು ಇನ್ನೂ ಹಲವರು. ಮೊಟ್ಟೆ ಇದ್ದ ಕೇಕನ್ನು ಹೇಳದೆ ಕೊಟ್ಟು ಒಬ್ಬರ ವ್ರತವನ್ನು ಕೆಡಿಸುವುದಕ್ಕಿಂತ ತಟ್ಟೆಯನ್ನು ಕಳುಹಿಸದಿರುವುದೇ ಮೇಲು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಮೊಟ್ಟೆಯಿಲ್ಲದ ಕೇಕು ಇಂದು ಎಲ್ಲೆಡೆ ದೊರೆಯುತ್ತದೆ. ಮೊಟ್ಟೆ ಮಾಡುವ ಕೆಲಸವನ್ನು ಮೊಸರು ಮತ್ತು ಅಡುಗೆ ಸೋಡ, ಇಲ್ಲವೇ ಗಟ್ಟಿಹಾಲು ಮಾಡಬಲ್ಲವು. ಒಣಹಣ್ಣುಗಳನ್ನು ರಮ್ಮಿನ ಬದಲಾಗಿ ಕಿತ್ತಳೆ ಅಥವಾ ದ್ರಾಕ್ಷಿಯ ರಸದಲ್ಲಿ ನೆನೆಸಿದರೂ ರುಚಿಗೆ ಊನವಿಲ್ಲ. ಆದರೆ ಅಂತಹ ಕೇಕು ಮದ್ಯದಲ್ಲಿ ನೆನೆದದ್ದರಷ್ಟು ದಿನ ಬಾಳಿಕೆ ಬರುವುದಿಲ್ಲವಾದ್ದರಿಂದ ಹಬ್ಬಕ್ಕೆ ಹತ್ತಿರದಲ್ಲಿ ಬೇಯಿಸಬೇಕು. ಪೊಟ್ಟಣದಲ್ಲಿ ಕೊಳ್ಳುವವರು ಹಸಿರು ಗುರುತನ್ನು ನೋಡಿ ಕೊಳ್ಳಲಿ. ಬೇಕರಿಯಲ್ಲಿ ಹೇಳಿ ಮಾಡಿಸುವವರು ಮೊಟ್ಟೆಯ ಕೇಕಿನ ತಟ್ಟೆ, ಚಾಕುಗಳನ್ನು ಇದಕ್ಕೆ ಬಳಸದಂತೆ ಒಂದು ಮಾತು ಹೇಳಲಿ.

ನಾಲ್ಕು ಕಾಸು ಊರಿನಲ್ಲಿ ಉಳಿಯಲಿ

ಬೆಲೆಯ ಮಾತು ಬಂದಾಗ ನಮ್ಮ ಕೈ ಬಿಗಿಯಾಗುತ್ತದೆ. ಮನೆಯಲ್ಲಿ ಬೇಯಿಸಿ ಮಾರುವ ಹೆಣ್ಣುಮಗಳೊಬ್ಬಳು ಒಂದು ಕೆ.ಜಿ. ಪ್ಲಮ್ ಕೇಕಿಗೆ ಹೇಳಿದ ಬೆಲೆ ದೊಡ್ಡ ಮಳಿಗೆಯ ಪೊಟ್ಟಣಕ್ಕಿಂತ ಹೆಚ್ಚೆಂದು ಚೌಕಾಸಿಗೆ ಇಳಿಯುತ್ತೇವೆ. ಆದರೆ ಆ ಬೆಲೆಯೊಳಗೆ ಏನೇನಿದೆ? ಬೆಣ್ಣೆ, ಗೋಡಂಬಿ, ಒಣಹಣ್ಣುಗಳ ದರ ಅವಳ ಕೈಯಲ್ಲಿಲ್ಲ. ಕಂಪನಿಯವರು ಲಾರಿಗಟ್ಟಲೆ ಕೊಳ್ಳುವ ಮೈದಾವನ್ನು ಅವಳು ಕೆ.ಜಿ.ಗಟ್ಟಲೆ ಕೊಳ್ಳುತ್ತಾಳೆ. ಹಣ್ಣು ಹೆಚ್ಚುವ, ನೆನೆಸುವ, ತಿರುವುವ ದಿನಗಳಿಗೆ ಕೂಲಿಯ ಲೆಕ್ಕವೇ ಇಲ್ಲ. ವಿದ್ಯುತ್ ಬಿಲ್ಲು, ಡಬ್ಬದ ಖರ್ಚು, ಕೆಟ್ಟುಹೋದ ಒಂದು ಕೇಕಿನ ನಷ್ಟ ಎಲ್ಲವೂ ಅವಳದೇ. ಇಷ್ಟರ ಮೇಲೆ ಉಳಿಯುವ ಹಣವೇ ಜನವರಿಯಲ್ಲಿ ಮಕ್ಕಳ ಶಾಲೆಯ ಕಂತಿಗೆ ಆಗಬೇಕಾದದ್ದು.

ಸರಕಾರ 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತು ಮುಂತಾದ ಬೇಕರಿ ತಿನಿಸುಗಳ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 18ರಿಂದ 5ಕ್ಕೆ ಇಳಿಸಿತು. ದೊಡ್ಡ ಅಂಗಡಿಗಳಲ್ಲಿ ಬಿಲ್ಲು ಪಡೆದು ಈ ಇಳಿಕೆ ನಮಗೆ ತಲುಪಿದೆಯೇ ಎಂದು ನೋಡಿಕೊಳ್ಳುವುದು ಗ್ರಾಹಕರಾಗಿ ನಮ್ಮ ಹಕ್ಕು. ಹಾಗೆ ಉಳಿದ ನಾಲ್ಕು ಕಾಸನ್ನು ಊರಿನ ಸಣ್ಣ ಬೇಕರಿಗೋ, ಪಕ್ಕದ ಬೀದಿಯ ಸಹೋದರಿಗೋ ಕೊಟ್ಟರೆ ಅದು ಊರಿನಲ್ಲಿಯೇ ಸುತ್ತುತ್ತದೆ.

ಕಸುಬನ್ನು ಕ್ರಮವಾಗಿ ಕಲಿಯಬೇಕೆನ್ನುವ ಯುವಕ ಯುವತಿಯರಿಗೂ ದಾರಿಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕ ಹೆಸರಾಂತದ್ದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಹಿಟ್ಟು ಮತ್ತು ಬೇಕರಿ ಪದಾರ್ಥಗಳ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ನಮ್ಮ ಜಿಲ್ಲೆಯ ಹಿರೇಹಳ್ಳಿ ಮತ್ತು ಕೊನೇಹಳ್ಳಿಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಹಣ್ಣು, ಸಿರಿಧಾನ್ಯಗಳ ಸಂಸ್ಕರಣೆಯ ಬಗ್ಗೆ ವಿಚಾರಿಸಬಹುದು. ಧರ್ಮಕೇಂದ್ರದ ಮಹಿಳಾ ಸಂಘಗಳು ವರ್ಷಕ್ಕೊಮ್ಮೆ ಇಬ್ಬರನ್ನಾದರೂ ಇಂತಹ ತರಬೇತಿಗೆ ಕಳುಹಿಸಿ, ಹಿಂದಿರುಗಿದ ಮೇಲೆ ಹಬ್ಬದ ಕೇಕಿನ ಕೆಲಸವನ್ನು ಅವರಿಗೇ ವಹಿಸಿದರೆ ಅದಕ್ಕಿಂತ ಮಿಗಿಲಾದ ನೆರವು ಬೇರೊಂದಿಲ್ಲ.

ಇದರ ಜೊತೆಗೆ ಒಂದು ಹಿತವಚನ. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಮೂರಂತಸ್ತಿನ ಕೇಕು ತರಿಸಲು ಸಾಲ ಮಾಡುವ ರೂಢಿ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದೆ. ಮೇಲಿನ ಅಂತಸ್ತುಗಳಲ್ಲಿ ಎಷ್ಟೋ ಸಲ ಕೇಕೇ ಇರುವುದಿಲ್ಲ, ಥರ್ಮಾಕೋಲಿನ ಮೇಲೆ ಕ್ರೀಮು ಬಳಿದಿರುತ್ತದೆ ಎಂಬುದನ್ನು ಆ ಕಸುಬಿನವರೇ ಬಲ್ಲರು. ಬಂದವರಿಗೆಲ್ಲ ಒಂದೊಂದು ಹೋಳು ಮುಟ್ಟಿದರೆ ಕೇಕಿನ ಕೆಲಸ ಆಯಿತು.

ಆಗಮನಕಾಲ ನಾಲ್ಕು ಭಾನುವಾರಗಳ ಕಾಯುವಿಕೆ. ಹಬ್ಬದ ಕೇಕಿನ ಸಿದ್ಧತೆಗೂ ಅದೇ ಅವಧಿ ತಕ್ಕದ್ದು. ಮೊದಲನೆಯ ವಾರ ಒಣಹಣ್ಣುಗಳನ್ನು ಹೆಚ್ಚಿ ನೆನೆಹಾಕುವುದು. ಎರಡನೆಯ ವಾರ, ಸ್ವತಃ ಬೇಯಿಸದವರು ಊರಿನ ಬೇಕರಿಗೆ ಅಥವಾ ಮನೆಯಲ್ಲಿ ಬೇಯಿಸುವವರಿಗೆ ತೂಕವನ್ನೂ, ಮೊಟ್ಟೆ ಬೇಕೋ ಬೇಡವೋ ಎಂಬುದನ್ನೂ ಬರೆದುಕೊಟ್ಟು ಅರ್ಧ ಹಣ ಮುಂಗಡ ಕೊಡುವುದು. ಮೂರನೆಯ ವಾರ ನೆರೆಹೊರೆಯ ಮನೆಗಳ ಪಟ್ಟಿ ಮಾಡುವುದು. ನಾಲ್ಕನೆಯ ವಾರ ಬೇಯಿಸುವುದು ಅಥವಾ ತರುವುದು. ಕಡೆಯ ಗಳಿಗೆಯಲ್ಲಿ, ಡಿಸೆಂಬರ್ 24ರ ಸಂಜೆ ಅಂಗಡಿಗೆ ಓಡಿದವರಿಗೆ ಉಳಿದದ್ದೇ ಗತಿ. ಮುಂಗಡ ಪಡೆದ ಬೇಕರಿಯವರು ಎಷ್ಟು ಬೆಣ್ಣೆ ತರಬೇಕು, ಎಷ್ಟು ಮೊಟ್ಟೆ ಒಡೆಯಬೇಕು ಎಂದು ಲೆಕ್ಕ ಹಾಕಿ ನೆಮ್ಮದಿಯಿಂದ ಬೇಯಿಸುತ್ತಾರೆ. ಆ ನೆಮ್ಮದಿಯ ರುಚಿ ಕೇಕಿನಲ್ಲಿ ಇದ್ದೇ ಇರುತ್ತದೆ. ಪಟ್ಟಿ ಬರೆಯುವಾಗ, ಈ ವರ್ಷ ಕೇಕು ಕೊಳ್ಳಲಾರದ ಒಂದು ಮನೆಯ ಹೆಸರನ್ನೂ ಅದರಲ್ಲಿ ಸೇರಿಸಿಕೊಳ್ಳಿ.